ನಿಯಾಜನ ಎಂಜಿನ್ ಇಳಿಸಿದ್ದು

ಬಿಚ್ಚಿದ ಬೋಲ್ಟುಗಳನ್ನು ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜೋಡಿಸಿಡುವುದು ಯುಕ್ತವೇ ಎಂಬುದು ಮನುಷ್ಯಕುಲ ಈವರೆಗೆ ಇತ್ಯರ್ಥ ಮಾಡದೆ ಬಿಟ್ಟಿರುವ ಮಹಾಪ್ರಶ್ನೆಗಳಲ್ಲೊಂದು, ಕೇಶವಮೂರ್ತಿ ಅದನ್ನು ಗ್ಯಾರೇಜಿನ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ತಕ್ಕ ಗಾಂಭೀರ್ಯದಿಂದ ಪರಿಶೀಲಿಸುತ್ತಿದ್ದಾನೆ — ಮೇಲಿನ ತಟ್ಟೆಗೆ ಬಾನೆಟ್ಟಿನವು, ಅದರ ಕೆಳಗೆ ರೇಡಿಯೇಟರಿನವು, ಅದರ ಕೆಳಗೆ ಗೇರ್‌ಬಾಕ್ಸಿನವು, ಸಣ್ಣ ಸ್ಕ್ರೂಗಳು ಮಾತ್ರ ಆವಿ ಬರುವ ತೂತಿನಿಂದ ಜಾರಿ ಕೆಳಗಿನ ತಟ್ಟೆಗೆ ಬಿದ್ದು ಜಾತಿ ಕೆಡಿಸಿಕೊಳ್ಳುತ್ತಿವೆ, ಆ ಸ್ಟ್ಯಾಂಡು ಇನ್ನು ನಮ್ಮ ಅಡುಗೆಮನೆಗೆ ಬರಕೂಡದು ರೀ, ಅಲ್ಲೇ ಬಿಟ್ಟು ಬನ್ನಿ, ಎಂದು ವಂದನಾ ಬೆಳಿಗ್ಗೆ ಹೇಳಿದ್ದು, ಹೆಂಡತಿಯ ಮಾತು, ಅಲ್ಲೇ ಎಂದರೆ ಇಲ್ಲೇ, ಸ್ಯಾನ್ ಡಿಯಾಗೋದ ಕಾರ್ಮೆಲ್ ವ್ಯಾಲಿಯಲ್ಲಿ ಗೆಳೆಯ ನಿಯಾಜನ ಮನೆ, ನಿಯಾಜನ ಗ್ಯಾರೇಜು, ನಿಯಾಜನ ಎಪ್ಪತ್ತನೇ ಇಸವಿಯ ಶೆವೆಲ್ ಕಾರು, ಕಡುನೀಲಿ, ಮೈಮೇಲೆ ಎರಡು ಬಿಳಿ ಪಟ್ಟೆ, ಎಲ್ಲ ಇದ್ದಲ್ಲೇ ಇದೆ, ನಿಯಾಜನೊಬ್ಬನನ್ನು ಬಿಟ್ಟು. ಅಸೋಸಿಯೇಷನ್ನಿನವರ ಕಣ್ಣಿಗೆ ಬೀಳದಿರಲೆಂದು ಶಟರನ್ನು ಮುಕ್ಕಾಲು ಇಳಿಸಿದೆ, ಈ ಬಡಾವಣೆಯಲ್ಲಿ ಮನೆ ಮುಂದೆ ಗಾಡಿ ಬಿಚ್ಚುವುದು ಹೆಣ ಸುಡುವುದಕ್ಕಿಂತ ದೊಡ್ಡ ಅಪರಾಧ, ಕಾಲುಭಾಗದ ಸಂದಿಯಿಂದ ಬಿಸಿಲು ನೆಲದ ಮೇಲೆ ಒಂದು ಹಾಸಿನಷ್ಟು ಬಿದ್ದಿದೆ, ಆ ಹಾಸಿನ ಮೇಲೆ ಗಾಡಿಯಡಿಯಿಂದ ಎರಡು ಪಾದ ಚಾಚಿವೆ, ಎಡಪಾದ ಹೊರಕ್ಕೆ ಸೊಟ್ಟಗೆ ತಿರುಗಿದೆ, ಥೇಟು ನಿಯಾಜನದರ ಹಾಗೆ — ಲೋ ಭಟ್ಟ, ನೈನ್ ಸಿಕ್ಸ್‌ಟೀನ್ತ್ ಸ್ಪ್ಯಾನರ್ ಕೊಡೋ, ನಿಮ್ಮಪ್ಪನ ಮನೆ ಆಳೇನೋ ನಾನು, ಆಳಾಗಿದ್ರೆ ಇಷ್ಟೊತ್ತಿಗೆ ಕೊಟ್ಟಿರ್ತಿದ್ದ ಕಣೋ, ಕೊಡು — ಕೈ ತಾನಾಗಿಯೇ ಸ್ಪ್ಯಾನರನ್ನು ಪಾದಗಳತ್ತ ಚಾಚಿಬಿಟ್ಟಿದೆ, ಥ್ಯಾಂಕ್ಯೂ ಅಂಕಲ್, ಎಂದು ಗಾಡಿಯಡಿಯಿಂದ ಹೆಣ್ಣುದನಿ, ಹಾನಿಯಾ, ಅವನ ಮಗಳು, ಇಪ್ಪತ್ನಾಲ್ಕು ವರ್ಷ, ಪಾದ ಸೊಟ್ಟಗೆ ಹಾಕುವುದನ್ನು ಯಾರೂ ಕಲಿಸಿರಲಾರರು.

ಡ್ರೈವ್‌ಶಾಫ್ಟ್ ಔಟ್ ಅಂಕಲ್, ಎನ್ನುತ್ತಾಳೆ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ ನೆಲದ ಮೇಲೆ ಉರುಳಿ ಬರುತ್ತದೆ, ಗೇರ್‌ಬಾಕ್ಸಿನ ತೂತಿಗೆ ಕವರ್ ಕಟ್ಟಮ್ಮ, ಇಲ್ದಿದ್ರೆ ಗೇರ್ ಆಯಿಲ್ಲೆಲ್ಲಾ ನಿನ್ನ ಮುಖದ ಮೇಲೆ, ಐ ನೋ ಅಂಕಲ್, ಇಂಡಿಯನ್ ಸ್ಟೋರಿನ ಕವರು, ಸುತ್ತ ರಬ್ಬರ್ ಬ್ಯಾಂಡು, ಸತ್ತವರ ಬಾಯಿ ಕಟ್ಟಿದ ಹಾಗೆ — ಛೆ, ಬೇಡ, ನಿಯಾಜನ ಬಾಯಿ ಯಾರು ಕಟ್ಟಿದರೋ, ಕಟ್ಟಿದರೋ ಇಲ್ಲವೋ, ಇಪ್ಪತ್ತೊಂದರ ಜನವರಿಯ ಕೋವಿಡ್ಡಿನಲ್ಲಿ ಲಾಸ್ ಏಂಜಲೀಸಿನ ಆಸ್ಪತ್ರೆಗಳು ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ, ವಾರವಿಡೀ ಎಲ್ ಸೆಗುಂಡೋದ ಆಫೀಸು, ಅಲ್ಲೊಂದು ಬಾಡಿಗೆ ರೂಮು, ಶುಕ್ರವಾರ ಸಂಜೆ ಫೈವ್ ಹೆದ್ದಾರಿ ಹಿಡಿದು ಸ್ಯಾನ್ ಡಿಯಾಗೋಗೆ ಮನೆಗೆ, ಇದು ಅವನ ಬಾಳು, ಆ ಶುಕ್ರವಾರ ಹೊರಡುವ ಮೊದಲೇ ಜ್ವರ, ಮುಂದಿನ ಶುಕ್ರವಾರ ಫೋನಿನ ಪರದೆಯ ಮೇಲೆ ಮಣ್ಣು ಎಳೆಯುತ್ತಿದ್ದ ನಾಲ್ಕಾರು ಮಾಸ್ಕುಗಳು, ಅಲ್ಲೇ ದಫನ್, ತಾಯಿ ಮುಖ ನೋಡಲಿಲ್ಲ, ನೋಡದ ಸಾವನ್ನು ನಂಬು ಎಂದರೆ ಆ ತಾಯಿ ಹೇಗೆ ನಂಬಿಯಾಳು, ಅದೂ ನೆನಪು ಜರಡಿಯಾದ ಮೇಲೆ, ಮೊನ್ನೆಯದೆಲ್ಲ ಸೋರಿ ಮೈಸೂರಿನ ಮಂಡಿ ಮೊಹಲ್ಲಾದ್ದು ಮಾತ್ರ ಉಳಿದ ಮೇಲೆ. ಬಾನೆಟ್ ಎತ್ತಿ ಗೋಡೆಗೊರಗಿಸಿ ಆಯಿತು, ಬ್ಯಾಟರಿ ಹೋಯಿತು, ಹಸಿರು ನೀರು ಬಕೆಟ್ಟಿಗೆ ಇಳಿಯಿತು, ಫ್ಯಾನು ಹೋಯಿತು, ಉಳಿದದ್ದು ಬೆತ್ತಲೆ ಎಂಜಿನ್, ಅವನೂ ತಾನೂ ಎರಡು ವರ್ಷದ ಭಾನುವಾರಗಳನ್ನು ಸುರಿದು ಕೂಡಿಸಿದ್ದು, ಸಾಫ್ಟ್‌ವೇರಿನವನೊಬ್ಬ ಉಪಗ್ರಹದವನೊಬ್ಬ, ಇಬ್ಬರಿಗೂ ಗ್ರೀಸೆಂದರೆ ಪುಸ್ತಕದ ಮಾತು, ಅದಕ್ಕೇ ಅದು ಇಂದಿಗೂ ಸ್ವಲ್ಪ ಕುಂಟುತ್ತದೆ, ಏಳು ಹೊಡೆತ ಸರಿಯಾಗಿ, ಎಂಟನೆಯದು ಒಂಚೂರು ತಡ, ಗಡಗಡಗಡ — ಗಡ್, ಕುಂಟಿದ್ರೂ ಗತ್ತು ಬಿಡಲ್ಲ ನೋಡು ನನ್ಮಗಂದು, ಎಂದು ನಿಯಾಜ ಕರ್ನಿ ಮೆಸಾದ ಸಿಗ್ನಲ್ಲುಗಳಲ್ಲಿ ನಿಂತು ಅಕ್ಕಪಕ್ಕದವರಿಗೆಲ್ಲ ಕೇಳಿಸುತ್ತಿದ್ದ.

ಆ ಕುಂಟು ಸದ್ದು ಅಡುಗೆಮನೆಯವರೆಗೆ ಹೋಗುತ್ತದೆ, ಅದೇ ತೊಂದರೆ. ಅವನು ಹೋದ ಮೇಲೂ ಕೇಶವಮೂರ್ತಿ ಪ್ರತಿ ಭಾನುವಾರ ಬಂದು ಕೀ ತಿರುಗಿಸುತ್ತಿದ್ದ, ಬ್ಯಾಟರಿ ಸಾಯುತ್ತೆ, ಕಾರ್ಬುರೇಟರ್ ಒಣಗುತ್ತೆ, ಕಾರಣಗಳಿಗೇನು ಬರ, ಸೀಟಿನಲ್ಲಿ ಕಣ್ಣು ಮುಚ್ಚಿ ಕೂತರೆ ಪಕ್ಕದಲ್ಲಿ ಒಬ್ಬ ಕೂತ ಹಾಗೆ ಸ್ಪ್ರಿಂಗೊಂದು ಕಿರುಗುಟ್ಟುತ್ತಿತ್ತು ಎಂಬುದನ್ನು ಅವನು ಯಾರಿಗೂ ಹೇಳಿಲ್ಲ, ಹೇಳುವಂಥದ್ದಲ್ಲ — ಅಷ್ಟರಲ್ಲಿ ಗ್ಯಾರೇಜಿನಿಂದ ಮನೆಯೊಳಕ್ಕೆ ಹೋಗುವ ಬಾಗಿಲು ಗೇಣಷ್ಟು ತೆರೆಯುವುದು, ಅಂಚಿನ ಮೇಲೆ ನಾಲ್ಕು ಬೆರಳು, ಉಗುರುಗಳಲ್ಲಿ ಮೆಹಂದಿ, ಆಮೇಲೆ ಅಖ್ತರಿ ಬೇಗಮ್, ನಿಯಾಜನ ತಾಯಿ, ಕೇಶು ಬೇಟಾ ಬಂದ್ಯೇನಪ್ಪಾ, ಗಾಡಿ ಸದ್ದು ಕೇಳ್ತು, ಎಲ್ಲಿ ಅವ್ನು? ಮೊದಲ ಸಲ ಕೇಳಿದಾಗ ಅವನ ಬಾಯಲ್ಲಿ ಬಂದದ್ದು, ಬರ್ತಿದಾನೆ ಅಮ್ಮಾ, ಟ್ರಾಫಿಕ್ಕು. ಎದುರಿಗೆ ನಿಂತ ಹಿರಿಯರಿಗೆ ನಿಮ್ಮ ಮಗ ಸತ್ತ ಎಂದು ನೇರವಾಗಿ ಹೇಳುವ ನಾಲಗೆಯನ್ನು ಅವನ ಅಗ್ರಹಾರವೂ ಕೊಟ್ಟಿಲ್ಲ, ಅವಳ ಮೊಹಲ್ಲಾವೂ ಕೊಟ್ಟಿಲ್ಲ, ಆ ಊರಲ್ಲಿ ಸೀರಿಯಸ್ಸು ಎನ್ನುತ್ತಾರೆ, ಹೊರಟು ಬನ್ನಿ ಎನ್ನುತ್ತಾರೆ, ಈ ಊರಲ್ಲಿ ಟ್ರಾಫಿಕ್ಕಿಗಿಂತ ನಂಬಲರ್ಹ ಸುಳ್ಳು ಇಲ್ಲ, ಯಾ ಅಲ್ಲಾ, ಇವತ್ತೂ ಟ್ರಾಫಿಕ್ಕಾ, ಎಂದು ಆಕೆ ನಂಬಿದಳು, ವಾರವಾರವೂ ನಂಬಿದಳು, ನಿಯಾಜ ಮೂರು ವರ್ಷದಿಂದ ಅರ್ವೈನ್ ಹತ್ತಿರ ಎಲ್ಲೋ ಬ್ರೇಕ್ ಲೈಟುಗಳ ನಡುವೆ ಸಿಕ್ಕಿಕೊಂಡಿದ್ದಾನೆ. ಆಮೇಲೆ ಆ ದಿನವಿಡೀ ಆಕೆ ಕಿಟಕಿ ಬಿಟ್ಟು ಏಳುವುದಿಲ್ಲ, ತುತ್ತು ಮುಟ್ಟುವುದಿಲ್ಲ, ಸೊಸೆ ನೌಶೀನ್‌ಗೆ ಭಾನುವಾರ ಫಾರ್ಮಸಿಯ ಡ್ಯೂಟಿ, ಸಂಜೆಗೆ ಹಾನಿಯಾನೇ ಮಂಡಿಯೂರಿ ಕೂತು ಹೇಳಬೇಕು, ದಾದೀ, ಅಬ್ಬಾ ಇಲ್ಲ, ಆಕೆಗೆ ಅದು ಮೊದಲ ಸಲ ಕೇಳಿದ ಸುದ್ದಿ, ಎದೆ ಬಡಿದುಕೊಂಡು ಅಳು, ಸೋಮವಾರಕ್ಕೆ ಎಲ್ಲ ಮರೆತು ಮುಂದಿನ ಭಾನುವಾರ ಮತ್ತೆ ನಾಲ್ಕು ಬೆರಳು. ನೀವು ಪ್ರತಿ ವಾರ ಅಬ್ಬಾನ ಬದುಕಿಸಿ ಮನೆಗೆ ಹೋಗ್ತೀರಿ ಅಂಕಲ್, ಸಾಯಿಸೋ ಕೆಲಸ ನನಗೆ, ಎಂದಳು ಹುಡುಗಿ, ಇಂಗ್ಲಿಷಿನಲ್ಲೇ ಅಂದದ್ದು, ಯಾಕೋ ಅವನ ತಲೆಯಲ್ಲಿ ಕನ್ನಡವಾಗಿ ಕೂತಿದೆ. ಇನ್ನು ಸ್ಟಾರ್ಟ್ ಮಾಡಲ್ಲಮ್ಮ ಎಂದು ಮಾತು ಕೊಟ್ಟ, ಮುಂದಿನ ಭಾನುವಾರ ಮಾಡಿದ, ಮತ್ತೆ ಕೊಟ್ಟ, ಮತ್ತೆ ಮಾಡಿದ, ಕುಡುಕರ ಸಂಘದಲ್ಲೂ ಇವನಿಗಿಂತ ಮರ್ಯಾದಸ್ಥರು ಸಿಗುತ್ತಾರೆ, ಕೊನೆಗೆ ಅವಳೇ ತೀರ್ಮಾನಿಸಿದಳು, ಎಂಜಿನ್ ಇಳಿಸೋಣ, ಗೇರ್‌ಬಾಕ್ಸ್ ಸಮೇತ, ಎಲೆಕ್ಟ್ರಿಕ್ ಮೋಟರ್ ಹಾಕ್ತೀನಿ, ಸದ್ದೇ ಇರಲ್ಲ, ಹೇಗೆ ಇಳಿಸೋದು ಅಂತ ಗೊತ್ತಿರೋದು ನಿಮಗೊಬ್ಬರಿಗೇ ಅಂಕಲ್, ಪ್ಲೀಸ್ — ಹೌದು, ನೇಣಿನ ಹಗ್ಗವನ್ನೂ ಇವನಿಂದಲೇ ಹೊಸೆಯಿಸುವ ಮರ್ಯಾದೆ.

ಎಂಜಿನ್ನನ್ನು ಹಿಡಿದ ಮೌಂಟಿನ ಬೋಲ್ಟುಗಳು ಬಂದವು, ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ ಬಂತು, ಕರ್ನಿ ಮೆಸಾದಿಂದ ಬಾಡಿಗೆಗೆ ತಂದ ಕ್ರೇನು ಮೂತಿ ಚಾಚಿ ನಿಂತಿದೆ, ಸರಪಳಿ ಬಿಗಿದಿದೆ, ಪಂಪು ಮಾಡಿ ಅಂಕಲ್, ಹಿಡಿಕೆ ಒತ್ತುತ್ತಾನೆ, ಒತ್ತುತ್ತಾನೆ, ಎಂಜಿನ್ ಬೆರಳಷ್ಟು ಏಳುತ್ತದೆ, ಎದ್ದಂತೆ ಗಾಡಿಯೂ ಏಳುತ್ತದೆ, ಮುಂದಿನ ಚಕ್ರಗಳು ಹಗುರಾಗಿ, ಬರೋದಿಲ್ಲ ಹೋಗು ಎನ್ನುವಂತೆ ಇಡೀ ಶೆವೆಲ್ ಕತ್ತೆತ್ತುತ್ತದೆ, ಸ್ಟಾಪ್, ಸ್ಟಾಪ್, ಏನೋ ಹಿಡ್ಕೊಂಡಿದೆ, ಹಾನಿಯಾ ಟಾರ್ಚು ಹಿಡಿದು ಬಗ್ಗುತ್ತಾಳೆ, ಅವನು ಬಗ್ಗುವುದಿಲ್ಲ, ಬಗ್ಗಬೇಕಿಲ್ಲ, ಹಿಂದುಗಡೆ ನೋಡಮ್ಮ, ಜಡೆ ಹೆಣೆದ ಹಾಗಿರೋ ತಂತಿ, ಗ್ರೌಂಡ್ ಸ್ಟ್ರ್ಯಾಪು, ಗಾಡಿಗೂ ಎಂಜಿನ್ನಿಗೂ ನಡುವಿನ ಕೊನೆಯ ಗಂಟು, ಅದನ್ನು ಅಲ್ಲಿ ಬಿಗಿದದ್ದು ಇದೇ ಕೈ, ಬೆಳಗಿನಿಂದ ನಾಲ್ಕು ಸಲ ಅದರ ಪಕ್ಕದಲ್ಲೇ ಹೋಗಿ ಬಂದ ಕೈ. ಹುಡುಗಿ ತಲೆಯೆತ್ತಿ ಅವನನ್ನು ನೋಡುತ್ತಾಳೆ, ಗೊತ್ತಿತ್ತಾ ಎಂದು ಕೇಳುವುದಿಲ್ಲ, ಸ್ಪ್ಯಾನರಿಗೆ ತಾನೇ ಕೈ ಚಾಚುತ್ತಾಳೆ, ಟಣ್, ಗಾಡಿ ತನ್ನ ಕಾಲ ಮೇಲೆ ದೊಪ್ಪನೆ ಕೂರುತ್ತದೆ, ಎಂಜಿನ್ ಸರಪಳಿಯಲ್ಲಿ ಒಮ್ಮೆ ಓಲಾಡಿ ಮೂತಿ ಮೇಲೆ ಬಾಲ ಕೆಳಗೆ ಮಾಡಿ ತೂಗುತ್ತದೆ, ಬಾಲಕ್ಕೆ ಅಂಗಡಿಯ ಕವರು, ಶಟರು ಪೂರ್ತಿ ಮೇಲಕ್ಕೆ, ಅಸೋಸಿಯೇಷನ್ನು ನೋಡಿಕೊಳ್ಳಲಿ, ಇಬ್ಬರೂ ಗಾಡಿಯನ್ನು ಹಿಂದಕ್ಕೆ ತಳ್ಳುತ್ತಾರೆ, ಬಿಸಿಲು ನುಗ್ಗಿ ಗ್ಯಾರೇಜೆಲ್ಲ ಬಯಲಾಗುತ್ತದೆ, ಗಾಡಿಯ ಹೊಟ್ಟೆಯಿದ್ದಲ್ಲಿ ನೆಲ ಕಾಣಿಸುತ್ತದೆ — ಬಾಗಿಲು. ಗೇಣಷ್ಟು. ದೊಪ್ಪೆಂದ ಸದ್ದಿಗೆ ಬಂದಿರಬೇಕು. ಅಂಚಿನ ಮೇಲೆ ನಾಲ್ಕು ಬೆರಳು, ಅವನ ಬಾಯಲ್ಲಿ ಮಾತು ಸಿದ್ಧವಾಗಿದೆ, ಟ್ರಾಫಿಕ್ಕು ಅಮ್ಮಾ, ಹುಡುಗಿ ಎದುರಿಗಿದ್ದಾಳೆ, ಇರಲಿ, ಇವತ್ತೊಂದು ದಿನ, ಕೇಳಲಿ, ಎಲ್ಲಿ ಅವ್ನು ಎಂದು ಕೇಳಲಿ. ಅಖ್ತರಿ ಬೇಗಮ್ ತೂಗುವ ಕಬ್ಬಿಣವನ್ನು ನೋಡುತ್ತಾಳೆ, ಮೊಮ್ಮಗಳನ್ನು ನೋಡುತ್ತಾಳೆ, ಅವನನ್ನು ನೋಡುತ್ತಾಳೆ, ನೋಡುತ್ತಲೇ ಇರುತ್ತಾಳೆ, ಆಮೇಲೆ ದುಪಟ್ಟಾವನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾಳೆ, ಪರಗಂಡಸರ ಮುಂದೆ ಎಳೆದುಕೊಳ್ಳುವ ಹಾಗೆ, ಯಾರು ಬೇಕಾಗಿತ್ತು ನಿಮಗೆ, ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾಳೆ. ಅಮ್ಮಾ, ನಾನು, ಕೇಶು — ಬಾಗಿಲು ತುಸು ಮುಚ್ಚಿಕೊಳ್ಳುತ್ತದೆ, ಬೆರಳುಗಳು ಅಂಚಿನ ಮೇಲೆ, ನಾಲ್ಕು, ಉಗುರಿನ ತುದಿಯಲ್ಲಿ ಮೆಹಂದಿ, ನಾಲ್ಕು ಬೆರಳು, ಬಾಗಿಲ ಅಂಚು, ನಾಲ್ಕು ಬೆರಳು. ಎಂಜಿನ್ನೂ ಗೇರ್‌ಬಾಕ್ಸೂ ಎಲ್ಲೂ ಒಂದು ಗೀರು ಬೀಳದೆ ಒಟ್ಟಿಗೆ ಹೊರಬಂದಿದ್ದವು.