ತಲೆಗೆ ಒಂಬತ್ತು ಇಂಚು

ಮಗಳ ಶಾಲೆಯ ಅಂಗಿಯಲ್ಲಿ ಬಲತೋಳಿನ ಮೊಣಕೈ ಮಾತ್ರ ಸವೆದಿರುವುದು ದರ್ಜಿಯಾದ ತಾಯಿಯ ಕಣ್ಣಿಗೆ ಬಿತ್ತು. ಕೇಳಿದ್ದಕ್ಕೆ ಮಗಳು, "ನಾನು ಬೆಂಚಿನ ಕೊನೇಲಿ ಕೂರೋದಮ್ಮ, ಗೋಡೆಗೆ ಉಜ್ಜುತ್ತೆ. ಎಲ್ರೂ ಒಟ್ಟಿಗೆ ಬರೆಯೋಕಾಗಲ್ಲ, ಸರದಿ ಮೇಲೆ ಬರೀತೀವಿ" ಅಂದಳು.

ಮರುದಿನ ತಾಯಿ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಶಾಲೆಗೆ ಹೋದಳು. ಐವತ್ತನಾಲ್ಕು ಇಂಚಿನ ಬೆಂಚು, ಆರು ಮಕ್ಕಳು. ತಲೆಗೆ ಒಂಬತ್ತು ಇಂಚು.

"ನಾನೇನು ಮಾಡ್ಲಿ ತಾಯಿ?" ಎಂದರು ಮುಖ್ಯೋಪಾಧ್ಯಾಯಿನಿ. "ನಗರಸಭೆ ಅನುದಾನ ಕೊಡೋದು ಕೊಠಡಿ ಎಣಿಸಿ, ಮಕ್ಕಳನ್ನ ಎಣಿಸಿ ಅಲ್ಲ. ನಮ್ಮಲ್ಲಿರೋದು ನಾಲ್ಕೇ ಕೊಠಡಿ, ಹೊಸದು ಕಟ್ಟೋಕೆ ಅನುದಾನ ಸಾಲಲ್ಲ. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ."

ಅದೇ ಶಾಲೆಯಲ್ಲಿ ಇಬ್ಬರು ಮಕ್ಕಳನ್ನು ಓದಿಸುತ್ತಿದ್ದ ಬಸ್ ಡ್ರೈವರ್ ಅವಳ ಜೊತೆಯಾದ. ಮೂರು ತಿಂಗಳು ಇಬ್ಬರೂ ಊರಿನ ಹತ್ತು ಸರ್ಕಾರಿ ಶಾಲೆಗಳ ಪೋಷಕರ ಮನೆಬಾಗಿಲು ತಟ್ಟಿದರು. ಮಕ್ಕಳನ್ನು ಎಣಿಸಿ ಅನುದಾನ ಕೊಡಿ ಎಂಬ ಅರ್ಜಿಗೆ ಒಂಬತ್ತು ಶಾಲೆಯವರು ಸಹಿ ಹಾಕಿದರು. ಉಳಿದದ್ದು ಗುಡ್ಡದ ಮೇಲಿನ ಶಾಲೆ. ಇಪ್ಪತ್ತು ಕೊಠಡಿ, ಅದಕ್ಕೆ ತಕ್ಕ ಅನುದಾನ. ಅಲ್ಲಿನ ಪೋಷಕರ ಮುಂದಾಳು ಔಷಧಿ ಅಂಗಡಿಯಾತ, ಕೌಂಟರಿನ ಹಿಂದಿನಿಂದಲೇ ಕೇಳಿದ: "ನಮ್ಮ ತಟ್ಟೇಲಿರೋದನ್ನ ತೆಗೆದು ನಿಮಗೆ ಬಡಿಸಬೇಕಾ?"

"ಬೇಡಣ್ಣ. ನಿಮ್ಮ ಶಾಲೆ ಒಂದ್ಸಲ ತೋರಿಸಿ, ಸಾಕು," ಎಂದಳು ದರ್ಜಿ.

ತೋರಿಸಿದ. ಹನ್ನೊಂದು ಕೊಠಡಿಗಳಿಗೆ ಬೀಗ. ಕಿಟಕಿ ಬಾಗಿಲುಗಳಿಗೆ ಹೊಸ ಬಣ್ಣ. ಅವಳು ಅಂಗಳದಲ್ಲಿದ್ದ ಹುಡುಗಿಯೊಬ್ಬಳನ್ನು ಕೇಳಿದಳು: "ಗಣಿತ ಯಾರು ಹೇಳಿಕೊಡ್ತಾರಮ್ಮ?"

"ಈ ವರ್ಷ ಯಾರೂ ಇಲ್ಲ ಆಂಟಿ."

ಕೊಠಡಿಯ ದುಡ್ಡು ಕೊಠಡಿಗೇ ಖರ್ಚಾಗಬೇಕು, ಶಿಕ್ಷಕರ ಸಂಬಳಕ್ಕಲ್ಲ ಎಂಬುದು ನಿಯಮ. ಔಷಧಿ ಅಂಗಡಿಯಾತ ಬೀಗ ಹಾಕಿದ ಬಾಗಿಲುಗಳತ್ತ ತಿರುಗಿದ. ಆಮೇಲೆ, "ಬಾಗಿಲಿಗೆ ಬಣ್ಣ ಇದೆ, ಪಾಠಕ್ಕೆ ಜನ ಇಲ್ಲ" ಎಂದು ತಾನೇ ನಕ್ಕು ಪೆನ್ನು ಕೇಳಿದ. ಅರ್ಜಿಗೆ ಒಂದು ಸಾಲು ಸೇರಿಸಿದ ಮೇಲೆ ಸಹಿ ಹಾಕಿದ: ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತೆ ಇರಲಿ, ಜೊತೆಗೆ ಪ್ರತಿ ಶಾಲೆಗೂ ವಿಷಯಕ್ಕೊಬ್ಬರು ಶಿಕ್ಷಕರು ಬೇಕೇ ಬೇಕು.

ಅರ್ಜಿ ಚರ್ಚೆಗೆ ಬಂದ ದಿನ ನಗರಸಭೆಯ ಹಜಾರ ತುಂಬಿ ಮೆಟ್ಟಿಲವರೆಗೂ ಜನ. "ಮುಂದಿನ ವರ್ಷ ನೋಡೋಣ" ಎಂದರು ಅಧ್ಯಕ್ಷರು. ಅಷ್ಟರಲ್ಲಿ ಡ್ರೈವರ್ ಶಾಲೆಯ ಬೆಂಚೊಂದನ್ನು ಹೊತ್ತು ತಂದು ಅವರ ಮುಂದೆ ಇಳಿಸಿದ.

"ಇದರಲ್ಲಿ ಆರು ಮಕ್ಕಳು ಕೂರ್ತಾರೆ ಸಾರ್," ಎಂದಳು ದರ್ಜಿ. "ನೀವು ದೊಡ್ಡವರು, ಮೂರೇ ಜನ ಕೂತ್ಕೊಳ್ಳಿ. ತಗೊಳ್ಳಿ ಹಾಳೆ, ನಿಮ್ಮ ಹೆಸರು ಬರೀರಿ."

ಮೂವರು ಸದಸ್ಯರು ನಗುತ್ತಲೇ ಕೂತರು. ಬರೆಯಲು ಹೋದಾಗ ಮೊಣಕೈಗೆ ಮೊಣಕೈ ತಾಗಿತು. ನಡುವಿನವರ ಹೆಸರು ಪಕ್ಕದವರ ಹಾಳೆಗೆ ಹರಿಯಿತು. ಹಜಾರವೆಲ್ಲ ಗೊಳ್ಳೆಂದಿತು. ಆದರೆ ಬೆಂಚಿನ ಅಂಚಿನಲ್ಲಿದ್ದ ಹಿರಿಯ ಸದಸ್ಯೆ ನಗಲಿಲ್ಲ. ಎದ್ದು ಕೇಳಿದರು: "ಗುಡ್ಡದ ಶಾಲೆಯವರು ಏನಂತಾರೆ?"

ಔಷಧಿ ಅಂಗಡಿಯಾತ ಹಿಂದಿನಿಂದ ಕೂಗಿದ: "ನಾವೂ ಇದನ್ನೇ ಕೇಳೋಕೆ ಬಂದಿದೀವಿ! ಹತ್ತೂ ಶಾಲೆಯವರು!"

ಇನ್ನು ಮುಂದೂಡಲು ನೆಪ ಉಳಿಯಲಿಲ್ಲ. ಕೈಗಳು ಎದ್ದವು. ಪರವಾಗಿ ಹದಿನೇಳು, ವಿರುದ್ಧ ನಾಲ್ಕು. ನಿಯಮ ಬದಲಾಯಿತು.

ದರ್ಜಿ ಆ ಬೆಂಚಿನ ಮೇಲೇ ಕೂತು ನಗತೊಡಗಿದಳು. ಡ್ರೈವರ್ ಕಂಡಕಂಡವರನ್ನೆಲ್ಲ ತಬ್ಬಿಕೊಂಡ. ಅವಸರದಲ್ಲಿ ಅಧ್ಯಕ್ಷರನ್ನೂ ಬಿಡಲಿಲ್ಲ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಮ್ಮೆಯೂ ಬಿರುಸಾಗಿ ನಡೆದಿರದ ಮುಖ್ಯೋಪಾಧ್ಯಾಯಿನಿ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯುದ್ದಕ್ಕೂ ಓಡಿದರು. ಶಾಲೆಗೆ ಬಂದವರೇ ಪಾಠದ ನಡುವೆಯೇ ಉದ್ದಕ್ಕೆ ಗಂಟೆ ಬಾರಿಸಿದರು. ನಾಲ್ಕೂ ಕೊಠಡಿಗಳಿಂದ ಮಕ್ಕಳು ಹೊರಗೆ ನುಗ್ಗಿ, ಯಾಕೆ ಏನು ಎಂದು ಕೇಳದೆ, ಹೋ ಎಂದು ಕೂಗುತ್ತ ಅಂಗಳ ತುಂಬಿದರು.