ಮೂವತ್ತೊಂದನೇ ಪುಟದ ಅಂಬಿಗಿತ್ತಿ

ಪ್ರಕಾಶಕಿ ಹಾಕಿದ್ದ ಷರತ್ತು ಒಂದೇ. ನಾನು ಬರೆದ ಸಾಹಸದಾಟದ ಪುಸ್ತಕವನ್ನು ಹಿಂದೆಂದೂ ಓದಿರದ ಒಬ್ಬರು ಅರ್ಧ ಗಂಟೆ ಓದಿಕೊಂಡು ಪ್ರಕಾಶಕಿಯ ಎದುರಿಗೇ ಆಡಿಸಬೇಕು. ಬರೆದವಳು ಕೋಣೆಯಲ್ಲಿರಬಹುದು, ಬಾಯಿ ತೆರೆಯುವಂತಿಲ್ಲ. ಆಟ ದಡ ಮುಟ್ಟಿದರೆ ಈ ವರ್ಷ ಅಚ್ಚಾಗುವ ಒಂದೇ ಒಂದು ಪುಸ್ತಕ ನನ್ನದು. ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬರ ಹಸ್ತಪ್ರತಿ ಕಾಯುತ್ತಿತ್ತು.

ಇದು ಮೇಜಿನ ಸುತ್ತ ಕೂತು ಆಡುವ ಪಾತ್ರಗಳ ಆಟ. ಆಟಗಾರರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳಿಸುತ್ತಾರೆ. ಊರು, ಕಳ್ಳರು, ಗಾಳಿಮಳೆ, ಉಳಿದ ಲೋಕವೆಲ್ಲ ಸೂತ್ರಧಾರರದು. ನಾನು ಬರೆಯುವುದು ಆ ಸೂತ್ರಧಾರರು ಕೈಯಲ್ಲಿ ಹಿಡಿಯುವ ಪುಸ್ತಕ. ಕಳುವಾದ ಗಂಟೆಯೊಂದನ್ನು ಹುಡುಕಿ ಹೊಳೆ ದಾಟುವ ಈ ಸಾಹಸಕ್ಕೆ ಮೂರು ವರ್ಷ, ನಲವತ್ತೆಂಟು ಪುಟ ಹಿಡಿದಿದ್ದವು.

ಸೂತ್ರಧಾರರಾಗಲು ಒಪ್ಪಿದವರು ನನ್ನ ಅತ್ತಿಗೆ. ಆಸ್ಪತ್ರೆಯಲ್ಲಿ ನರ್ಸ್. ಈ ಬಗೆಯ ಆಟಗಳನ್ನು ಹತ್ತಾರು ಸಲ ಆಡಿದ್ದರು, ಆಡಿಸಿದ್ದು ಎರಡೇ ಸಲ. ಆಟಗಾರರು ಇಬ್ಬರು, ಅಣ್ಣ ಮತ್ತು ಗಡಿಯಾರ ರಿಪೇರಿ ಮಾಡುವ ಅವನ ಗೆಳೆಯರೊಬ್ಬರು. ಪ್ರಕಾಶಕಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡರು. ನಾನು ಅತ್ತಿಗೆಯ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತೆ.

ಮೊದಲ ಹತ್ತು ನಿಮಿಷ ಸರಾಗವಾಗಿ ಸಾಗಿತು. ಆಮೇಲೆ ಹೊಳೆ ಬಂತು. ಒಂಬತ್ತನೇ ಪುಟದಲ್ಲಿ ದೋಣಿ ನಡೆಸುವ ಹೆಂಗಸು ಬರುತ್ತಾಳೆ.

“ಗಂಟೆ ಹೊತ್ಕೊಂಡು ಯಾರಾದ್ರೂ ಈ ಕಡೆ ಬಂದ್ರಾ ಅಂತ ಅವಳನ್ನ ಕೇಳ್ತೀನಿ,” ಎಂದರು ಗಡಿಯಾರದವರು.

ಕದ್ದವಳು ಅವಳೇ. ಆ ಸಂಗತಿ ಇದ್ದದ್ದು ಮೂವತ್ತೊಂದನೇ ಪುಟದಲ್ಲಿ. ಓದುವವರಿಗೆ ಬೆರಗಾಗಲಿ ಎಂದು, ಕಾದಂಬರಿಯಲ್ಲಿಡುವ ಹಾಗೆ, ಹಿಂದಕ್ಕಿಟ್ಟಿದ್ದೆ. ಶುರುವಿನ ಆರು ಪುಟ ಹೊಳೆಯ ಇತಿಹಾಸ. ಅದನ್ನು ಓದುವುದರಲ್ಲೇ ಅತ್ತಿಗೆಯ ಅರ್ಧ ಗಂಟೆ ಕರಗಿತ್ತು. ಈಗ ಒಂಬತ್ತರಲ್ಲಿ ತೋರುಬೆರಳು, ಹದಿನೇಳರಲ್ಲಿ ನಡುಬೆರಳು, ನಕ್ಷೆಯಿದ್ದ ಇಪ್ಪತ್ತೆರಡರಲ್ಲಿ ಕಿರುಬೆರಳು ಸಿಕ್ಕಿಸಿಕೊಂಡು ಹುಡುಕುತ್ತಿದ್ದರು. ದಾಳ ಎಡಗೈಯಿಂದ ಜಾರಿ ಮೇಜಿನ ಕೆಳಗೆ ಬಿತ್ತು.

“ಕೂಸು ಕಂಕುಳಲ್ಲಿ, ಹುಡುಕಾಟ ಊರೆಲ್ಲ,” ಎಂದ ಅಣ್ಣ.

“ಸುಮ್ನಿರ್ರೀ. ಅವಳು ಹುಟ್ಟು ಹಾಕ್ತಿದಾಳೆ, ಮಾತಾಡೋಕೆ ಪುರುಸೊತ್ತಿಲ್ಲ,” ಎಂದರು ಅತ್ತಿಗೆ.



ಅತ್ತಿಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡರು. ದನಿ ಬದಲಾಯಿತು. ದೋಣಿಯವಳಿಗೆ ಒಬ್ಬ ಕಿವುಡ ಗಂಡ ಹುಟ್ಟಿಕೊಂಡ. ಕಳುವಾದ ಗಂಟೆಯ ಸದ್ದು ಅವನೊಬ್ಬನಿಗೇ ಕೇಳುತ್ತಿತ್ತು. ಅವನು ಯಾವ ಪುಟದಲ್ಲೂ ಇರಲಿಲ್ಲ. ಗಡಿಯಾರದವರು ಅವನ ಜೊತೆ ಕೈಸನ್ನೆಯಲ್ಲೇ ಜಗಳಕ್ಕಿಳಿದರು, ಅಣ್ಣ ನಕ್ಕು ನಕ್ಕು ಕೆಮ್ಮಿದ, ಪ್ರಕಾಶಕಿಯೂ ನಕ್ಕರು. ಅತ್ತಿಗೆ ನಡುನಡುವೆ ಗಂಭೀರವಾಗಿ ಪುಟ ತಿರುವುತ್ತಿದ್ದರು. ಬಗ್ಗಿ ನೋಡಿದೆ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದರು.

ಸಂಜೆ ಐದರ ಹೊತ್ತಿಗೆ ಗಂಟೆ ಸಿಕ್ಕಿತು.

“ಒಂದು ಸಾಹಸ ಇಷ್ಟು ಚೆನ್ನಾಗಿ ಓಡಿದ್ದನ್ನ ನಾನು ನೋಡೇ ಇಲ್ಲ,” ಎಂದು ಪ್ರಕಾಶಕಿ ಚೀಲದಿಂದ ಒಪ್ಪಂದದ ಹಾಳೆ ತೆಗೆದರು. “ಆ ಕಿವುಡ ಗಂಡ! ಎಲ್ಲಿಂದ ಹೊಳೀತು?”

ಅತ್ತಿಗೆ ನನ್ನ ಕಡೆ ನೋಡದೆ, “ಎಲ್ಲ ಅದರಲ್ಲೇ ಇದೆ, ಇವಳು ಬರೆದದ್ದು,” ಎಂದರು.

ಪೆನ್ನು ನನ್ನ ಕೈಗೆ ಬಂತು. ಉತ್ತರ ಸರಿ ಬಂದರೆ ಸಾಲದು, ವಿಧಾನ ಬರೆದ ಅದೇ ಹಾಳೆ ಹಿಡಿದು ಬೇರೆಯವರು ಮಾಡಿದಾಗಲೂ ಅದೇ ಬರಬೇಕು. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಕಲಿತದ್ದು ಇದು. ಪುಸ್ತಕದ ಒಂದೊಂದು ಪ್ರತಿಯ ಜೊತೆಗೂ ಅತ್ತಿಗೆಯನ್ನು ಕಟ್ಟಿ ಕಳಿಸಲಾಗದು. ಆದರೆ ನಿಜ ಹೇಳಿದರೆ ಅತ್ತಿಗೆ ಎಲ್ಲರೆದುರು ಸುಳ್ಳಿಯಾಗುತ್ತಾರೆ.

“ಕಿವುಡ ಗಂಡ ಇದರಲ್ಲಿಲ್ಲ,” ಎಂದೆ. “ಹೊಳೆ ಬಂದ ಮೇಲೆ ಅತ್ತಿಗೆ ಪುಸ್ತಕ ನೋಡಿ ಆಡಿಸ್ಲೇ ಇಲ್ಲ. ನೋಡಿದ್ರೆ ಸಿಗೋ ಹಾಗೆ ನಾನು ಬರೆದಿಲ್ಲ. ಚೆನ್ನಾಗಿದ್ದದ್ದು ಅವರು, ಪುಸ್ತಕ ಅಲ್ಲ.”

ಪ್ರಕಾಶಕಿ ಒಂಬತ್ತನೇ ಪುಟ ತೆರೆದರು. ಎಷ್ಟೋ ಹೊತ್ತು ಹುಡುಕಿ ಮೂವತ್ತೊಂದಕ್ಕೆ ಬಂದರು. ಒಪ್ಪಂದದ ಹಾಳೆ ಮತ್ತೆ ಚೀಲ ಸೇರಿತು.

“ಈ ವರ್ಷದ ಜಾಗ ಆ ಇನ್ನೊಬ್ಬರಿಗೆ ಕೊಡ್ತೀನಿ. ತಿದ್ದಿ ತನ್ನಿ, ಮುಂದಿನ ವರ್ಷ ನೋಡೋಣ. ಸೂತ್ರಧಾರರನ್ನ ಮಾತ್ರ ನಾನೇ ಕರ್ಕೊಂಡು ಬರ್ತೀನಿ.”

ಅವರೆಲ್ಲ ಹೋದ ಮೇಲೆ ಅತ್ತಿಗೆ ಲೋಟಗಳನ್ನು ಬೇಕೆಂದೇ ಸದ್ದು ಮಾಡುತ್ತ ತೊಳೆದರು.

“ನಿನಗೋಸ್ಕರ ಬಾಯಿಗೆ ಬಂದದ್ದೆಲ್ಲ ಹೇಳಿದೆ ಕಣೇ. ಕೊನೇಲಿ ನನ್ನನ್ನೇ ಸಿಕ್ಕಿಸಿಹಾಕಿದೆ.”

“ತಪ್ಪಾಯ್ತು ಅತ್ತಿಗೆ.”

“ತಪ್ಪು ಆಗಿರೋದು ಅಲ್ಲಿ ಅಲ್ಲ, ಇಲ್ಲಿ.” ಒದ್ದೆ ಬೆರಳಿನಿಂದ ಪುಸ್ತಕ ತಟ್ಟಿದರು. “ಆಸ್ಪತ್ರೇಲಿ ಪಾಳಿ ಬದಲಾಗೋವಾಗ ನಾನು ಮುಂದಿನ ನರ್ಸ್‌ಗೆ ‘ನಾಲ್ಕನೇ ಹಾಸಿಗೆಯವರು ಹುಟ್ಟಿದ್ದು ಒಂದು ಹೊಳೆ ದಂಡೇಲಿ’ ಅಂತ ಶುರು ಮಾಡಿದ್ರೆ, ಅಷ್ಟರಲ್ಲಿ ಆ ಪುಣ್ಯಾತ್ಮ ಹೋಗೇಬಿಟ್ಟಿರ್ತಾನೆ. ಏನಾಗಿದೆ, ಏನು ಕೊಡಬೇಕು, ಯಾವುದಕ್ಕೆ ಎಚ್ಚರ. ಅಷ್ಟೇ. ದೋಣಿಯವಳದ್ದು ಹಾಗೆ ಹೇಳು ನೋಡೋಣ.”

“ಅವಳ ಅಜ್ಜನ ಕಾಲದಿಂದ ಆ ಗಂಟೆ...”

“ಅಜ್ಜ ಸತ್ತ. ಮುಂದೆ.”

ಅಡುಗೆಮನೆಯ ಕಟ್ಟೆಯ ಮೇಲೇ ಬರೆದೆ. ಗಂಟೆ ಕದ್ದವಳು ಇವಳೇ. ಕೇಳಿದರೆ ಸುಳ್ಳು ಹೇಳುತ್ತಾಳೆ. ದೋಣಿಯ ತಳಕ್ಕೆ ಕೈ ಹಾಕಿದರೆ ಬಾಯಿ ಬಿಡುತ್ತಾಳೆ.

ಅತ್ತಿಗೆ ಓದಿ, “ಇದು ಒಂಬತ್ತನೇ ಪುಟಕ್ಕೆ,” ಎಂದರು. ಆಮೇಲೆ ಹೊಳೆಯ ಇತಿಹಾಸದ ಆರೂ ಪುಟಗಳನ್ನು ಒಟ್ಟಿಗೆ ಹಿಡಿದು ಬಟ್ಟೆ ಕ್ಲಿಪ್ಪು ಸಿಕ್ಕಿಸಿದರು. “ಇದು ಮುದ್ದಾಗಿದೆ, ನೀನೇ ಓದ್ಕೋ. ಹತ್ತನೇ ಪುಟದಲ್ಲಿ ಯಾರಿದಾರೆ?”

“ಸುಂಕದ ಕಟ್ಟೆಯವನು.”

“ಅವನಿಗೇನಾಗಿದೆ?”