ಅರ್ಧ ಬೀಗ, ಅರ್ಧ ಬೆರಳು

ಶವದ ವ್ಯಾನು ಬೀದಿಯ ತಿರುವನ್ನೂ ದಾಟಿರಲಿಲ್ಲ, ಅವಳು ಡ್ರೈವರನ ಸೀಟಿನ ಬೆನ್ನು ತಟ್ಟಿ "ನಿಲ್ಸಪ್ಪಾ" ಎಂದಳು. ಅವನು ನಿಲ್ಲಿಸಿದ. ಗಂಡನ ಹೆಣವನ್ನು ಅಲ್ಲೇ ಬಿಟ್ಟು ಇಳಿದು ಮನೆಯ ಕಡೆ ನಡೆದಳು. ಹೀಗೆ ಇಳಿಯುತ್ತಿರುವುದು ಇದು ಎರಡನೆಯ ಸಲ.

ಜೊತೆಗೆ ಬಂದವರು ದುಃಖವೆಂದುಕೊಂಡರು. ಪಾಪ, ಹೊರಡಲು ಕಾಲೇ ಬರುತ್ತಿಲ್ಲ ಎಂದು ದರ್ಜಿ ಕಣ್ಣೊರೆಸಿಕೊಂಡ. ರಿಪೇರಿಗೆ ಕೊಟ್ಟ ತನ್ನ ಹೊಲಿಗೆ ಮೆಷಿನ್ನು ಆ ಮನೆಯೊಳಗೆ ಬಿಚ್ಚಿದ್ದು ಬಿಚ್ಚಿದಂತೆಯೇ ಬಿದ್ದಿದೆ ಎಂಬುದನ್ನು ಇವತ್ತು ಹೇಳಲೋ ಬೇಡವೋ ಎಂದು ಅವನು ಬೆಳಗಿನಿಂದ ಒದ್ದಾಡುತ್ತಿದ್ದ. ಮಗಳಿಗೆ ಮಾತ್ರ ಗೊತ್ತಿತ್ತು, ಅಮ್ಮ ಇಳಿದದ್ದು ಬೀಗ ನೋಡಲು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡಿದ್ದ ಅವಳೂ ಉಸ್ಸೆಂದು ಇಳಿದು ಹಿಂದೆ ಹೋದಳು.

ಅಮ್ಮ ಬೀಗವನ್ನು ಜಗ್ಗಿದಳು. ಗಟ್ಟಿಯಾಗಿತ್ತು. ಮತ್ತೆ ಜಗ್ಗಿದಳು. ಎರಡು ಹೆಜ್ಜೆ ಬಂದು ಪುನಃ ತಿರುಗಿದಳು.

ಅಮ್ಮನ ತಮ್ಮ, ಊರಿಗೆಲ್ಲ ಅವಸರ ಹಂಚುವ ಆಸಾಮಿ, ವಾಚು ನೋಡುತ್ತಾ ಬಂದ. ಸ್ಮಶಾನದಲ್ಲಿ ಅವರ ಸರದಿಗೆ ಹೊತ್ತು ಗೊತ್ತಾಗಿತ್ತು. ಅದು ತಪ್ಪಿದರೆ ನಾಳೆಯ ತನಕ ಹೆಣ ಇಟ್ಟುಕೊಂಡು ಕೂರಬೇಕು, ಇಲ್ಲವೇ ಹೆಂಡತಿಯನ್ನು ಇಲ್ಲೇ ಬಿಟ್ಟು ಗಂಡನನ್ನು ಸಾಗಿಸಬೇಕು. ಯಾವುದಾಗಬೇಕು ಹೇಳು ಎಂದ.

"ನನಗೂ ಹೋಗ್ಬೇಕು ಕಣೋ," ಎಂದಳು ಅಕ್ಕ. "ಅವರನ್ನ ಒಬ್ಬರನ್ನೇ ಕಳ್ಸೋಕಾಗತ್ತಾ? ಆದ್ರೆ ಕೈ ಬಿಟ್ಟ ತಕ್ಷಣ ಬಾಗಿಲು ಹಾರು ಹೊಡೆದ ಹಾಗೆ ಕಾಣ್ಸತ್ತೆ. ನಾನೇನ್ ಮಾಡ್ಲಿ?"

ಅವನು ಫೋನು ತೆಗೆದು ಬೀಗದ ಫೋಟೋ ಹೊಡೆದು ತೋರಿಸಿದ. ತುಕ್ಕಿನ ಚುಕ್ಕೆಯೂ ಕಾಣುವಷ್ಟು ಚೊಕ್ಕವಾಗಿ ಬಂದಿತ್ತು. ಅವಳು ನೋಡಿದಳು, ತಲೆಯಾಡಿಸಿದಳು, ಗೇಟಿನ ತನಕ ಬಂದು ನಿಂತುಬಿಟ್ಟಳು.

"ಇದು ಯಾರ ಮನೆ ಬೀಗಾನೋ ಏನೋ," ಎಂದಳು.

*

ಅವಳ ಗಂಡ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾವ ಮೆಷಿನ್ನು ಬಂದರೂ ಬಿಚ್ಚುವ ಮೊದಲು ಅದರ ಹೊಟ್ಟೆಯ ಫೋಟೋ ತೆಗೆಯುತ್ತಿದ್ದ. ಅದಕ್ಕೆಂದೇ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಪುಟ್ಟ ಡಿಜಿಟಲ್ ಕ್ಯಾಮೆರಾ ಒಂದಿತ್ತು. ಅಂಗಿಯ ಜೇಬಿಗೆ ಹೋಗುವಂಥದ್ದು, ಬಟನ್ ಒತ್ತಿದರೆ ಗುರ್ರೆಂದು ಮೂತಿ ಚಾಚುವಂಥದ್ದು. ಈ ಫೋಟೋ ಪುರಾಣದಿಂದಾಗಿ ಕೆಲಸ ತಡವಾಗಿ, ಗಿರಾಕಿಗಳು ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟಿದ್ದರು.

"ಬಿಚ್ಚೋದು ಯಾರಿಗ್ ಬರಲ್ಲ ಹೇಳಿ," ಎನ್ನುತ್ತಿದ್ದ. "ಮುಂಚೆ ಹೇಗಿತ್ತು ಅನ್ನೋದು ನೆನಪಿರಬೇಕಲ್ಲ."

ಮಗಳು ಕೊಡಿಸಿದ ಫೋನಿನಲ್ಲೂ ಕ್ಯಾಮೆರಾ ಇತ್ತು. ಫೋನಿರುವುದು ಮಾತಾಡಲಿಕ್ಕೆ ಎಂದು ಅದನ್ನು ಅವನು ತೆರೆದೇ ನೋಡಲಿಲ್ಲ. ಹಾಗೆಂದು ಈ ಕ್ಯಾಮೆರಾದಲ್ಲಿ ಪಳಗಿದ್ದನೇ ಎಂದರೆ ಅದೂ ಇಲ್ಲ, ಫೋಟೋ ತೆಗೆಯುವುದರಲ್ಲಿ ಶುದ್ಧ ದಂಡ. ಪ್ರತಿ ಚಿತ್ರದ ಎಡಮೂಲೆಗೂ ಅವನ ಬೆರಳು ಅಡ್ಡ ಬಂದಿರುತ್ತಿತ್ತು, ಕೆಂಪಗೆ, ಮಸುಕಾಗಿ.

ಬೀಗದ ಕತೆ ಶುರುವಾದದ್ದು ಮಗಳು ಶಾಲೆಯ ಸಮಾರಂಭದಲ್ಲಿ ಹಾಡಿದ ದಿನ. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅಮ್ಮ ಅರ್ಧ ದಾರಿಯಲ್ಲಿ ಬಸ್ಸಿಳಿದು ಓಡಿದಳು. ಹಾಕಿತ್ತು. ಅವಳು ಶಾಲೆ ಮುಟ್ಟುವಷ್ಟರಲ್ಲಿ ಹಾಡು ಮುಗಿದಿತ್ತು. ಮಗು ಆ ರಾತ್ರಿ ಗೋಡೆಗೆ ಮುಖ ಮಾಡಿ ಮಲಗಿತು. ಗಂಡ ಬೈಯಲಿಲ್ಲ. ಮುಂದಿನ ಸಲ ಹೊರಡುವಾಗ ಬೀಗದ ಫೋಟೋ ಹೊಡೆದುಕೊಂಡ. ಬಸ್ಸಿನಲ್ಲಿ ಅವಳ ಮುಖ ಸಣ್ಣಗಾಗತೊಡಗಿದ್ದೇ ತಡ, ಕ್ಯಾಮೆರಾದ ಪರದೆಯನ್ನು ಮುಂದೆ ಹಿಡಿದ.

"ಇಗೋ, ನೋಡ್ಕೊ. ಹಾಕಿದೆ."

ಅವಳು ಬೆರಳು ನೋಡಿ ನಕ್ಕಳು. ಅವತ್ತು ಇಳಿಯಲಿಲ್ಲ.

ಅಲ್ಲಿಂದಾಚೆ ಎಲ್ಲಿಗೆ ಹೊರಟರೂ ಮೊದಲು ಬೀಗ, ಒಲೆ, ನಲ್ಲಿ ಎಲ್ಲದರ ಫೋಟೋ ಆಗಬೇಕು. "ನೀನು ಸತ್ರೂ ಬೀಗ ನೋಡೋಕೆ ಎದ್ದು ಬರ್ತೀಯ ಕಣೇ" ಎಂದು ರೇಗಿಸುತ್ತಿದ್ದ. ಅವನಿಗೂ ಸಾಕಾಗುತ್ತಿತ್ತೇನೋ, ಯಾರಿಗಾಗುವುದಿಲ್ಲ? ಮಗಳಿಗಂತೂ ಆಗಿತ್ತು. ಅಮ್ಮನ ತಾಳಕ್ಕೆ ಇನ್ನೆಷ್ಟು ದಿನ ಕುಣಿಯುತ್ತೀ ಎಂದು ಅಪ್ಪನನ್ನು ಬೈದಿದ್ದಳು. ಅವನು ಕ್ಯಾಮೆರಾದ ಮಸೂರ ಒರೆಸುತ್ತಾ ಕೂತಿದ್ದ.

*

"ಕ್ಯಾಮೆರಾ ಎಲ್ಲಮ್ಮ?" ಎಂದಳು ಮಗಳು.

ಅದು ಒಳಗೆ, ಆಸ್ಪತ್ರೆಯಿಂದ ತಂದ ಚೀಲದಲ್ಲಿತ್ತು. ಒಳಗೆ ಹೋಗಬೇಕಾದರೆ ಬೀಗ ತೆಗೆಯಬೇಕು. ಸೋದರಮಾವ ಹಣೆ ಚಚ್ಚಿಕೊಂಡ. ಇನ್ನು ಒಲೆ, ನಲ್ಲಿ, ಎಲ್ಲ ಮೊದಲಿನಿಂದ ಶುರು ಎಂದು ಗೊಣಗಿದ.

ಮಗಳು ಬೀಗ ತೆಗೆದು ಒಳಗೆ ನುಗ್ಗಿದಳು. ಕ್ಯಾಮೆರಾ ಸಿಕ್ಕಿತು, ಅದರ ಸೆಲ್ಲು ಮುಗಿದಿತ್ತು. ಟಾರ್ಚಿನ ಸೆಲ್ಲು ಕಿತ್ತು ಹಾಕಿ, ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಬಂದಳು. ಬೀದಿಯಲ್ಲಿ ಹಾರ್ನ್ ಆಗುತ್ತಿತ್ತು. ಗಾಬರಿಯಲ್ಲಿ ಯಾವುದೋ ಬಟನ್ ಒತ್ತಿದಳು. ಮೂತಿ ಚಾಚಲಿಲ್ಲ. ಪರದೆಯ ಮೇಲೆ ಅಪ್ಪ ಕೊನೆಗೆ ತೆಗೆದ ಫೋಟೋ ಮೂಡಿತು.

ಆಸ್ಪತ್ರೆಗೆ ಹೊರಟ ಬೆಳಿಗ್ಗೆಯದು. ಒಂದು ಕೈಯಲ್ಲಿ ಎದೆ ಒತ್ತಿಕೊಂಡು, ಆಂಬುಲೆನ್ಸಿನವರು ರೆಟ್ಟೆ ಹಿಡಿದು ಎಳೆಯುತ್ತಿದ್ದರೂ, ಇದೇ ಮೆಟ್ಟಿಲ ಮೇಲೆ ನಿಂತು ತೆಗೆದಿದ್ದ. ಪೂರ್ತಿ ವಾರೆಯಾಗಿತ್ತು. ಅರ್ಧ ಬೀಗ, ಅರ್ಧ ಬೆರಳು.

ಅಮ್ಮ ಬಂದು ಅವಳ ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿಯೂ ನೋಡದೆ, ನೇರವಾಗಿ ಹೋಗಿ ವ್ಯಾನು ಹತ್ತಿ ಗಂಡನ ತಲೆಯ ಪಕ್ಕ ಕೂತಳು. ಬೇಗ ಬಾ, ಅವಳು ಮನಸ್ಸು ಬದಲಾಯಿಸುವ ಮೊದಲು ಬಾ ಎಂದು ಮಾವ ಮಗಳನ್ನೂ ತೋಳು ಹಿಡಿದು ಹತ್ತಿಸಿದ. ವ್ಯಾನು ಹೊರಟಿತು.

ಕೂತ ಮೇಲೆ ಮಗಳಿಗೆ ತನ್ನ ಎಡಗೈ ಭಾರವೆನಿಸಿತು. ನೋಡಿದರೆ ಬೀಗ ಕೈಯಲ್ಲೇ ಇತ್ತು, ಬೀಗದ ಕೈಯೂ ಅದರಲ್ಲೇ. ಮನೆಯ ಬಾಗಿಲನ್ನು ಬರೀ ಎಳೆದುಕೊಂಡು ಬಂದಿದ್ದಾಳೆ, ಗಾಳಿ ಬೀಸಿದರೆ ತೆರೆದುಕೊಳ್ಳುತ್ತದೆ. ನಿಲ್ಲಿಸಿ ಎಂಬ ಮಾತು ನಾಲಿಗೆಯ ತುದಿಗೆ ಬಂತು.

ಅಷ್ಟರಲ್ಲಿ ಅಮ್ಮ ಪರದೆಯನ್ನು ಅವಳ ಮುಂದೆ ಹಿಡಿದಳು.

"ನೋಡು. ಹಾಕಿದ್ದಾರೆ."

ಮಗಳು ಆ ಮಸುಕು ಬೆರಳನ್ನು ನೋಡಿದಳು. ಅಳು ಉಕ್ಕಿ ಬಂತು. ಎಡಗೈಯನ್ನು ಮುಚ್ಚಿ ಮೆಲ್ಲಗೆ ಮಡಿಲಿಗೆ ಇಳಿಸಿಕೊಂಡಳು.

"ಹೂಂ ಅಮ್ಮ," ಎಂದಳು. "ಹಾಕಿದ್ದಾರೆ."

ವ್ಯಾನು ತಿರುವು ದಾಟಿತು. ಅವಳ ಮುಷ್ಟಿಯೊಳಗೆ ಬಾಯಿ ತೆರೆದ ಬೀಗ ನಿಧಾನಕ್ಕೆ ಬೆಚ್ಚಗಾಗುತ್ತಿತ್ತು.